ಲಾಲ್‌ಬಾಗನ್ನು ರೈತರು ನೋಡಬೇಕಾದ ಬಗೆ

ಸ್ವಾತಂತ್ರ್ಯ ದಿನದ ಮತ್ತು ಗಣರಾಜ್ಯ ದಿನದ ಫಲಪುಷ್ಪ ಪ್ರದರ್ಶನ ಬಂದಿತೆಂದರೆ ನಮ್ಮ ಹೊಸೂರು ಸೀಮೆಯ ಹಳ್ಳಿಗಳಿಂದ ಜನ ಬಸ್ಸು ಹತ್ತಿ ಬೆಂಗಳೂರಿನ ಲಾಲ್‌ಬಾಗಿಗೆ ಹೋಗುವುದು ವಾಡಿಕೆ. ಗಾಜಿನ ಮನೆಯ ಹೂವಿನ ಅಲಂಕಾರ ನೋಡಿ, ನೂಕುನುಗ್ಗಲಿನಲ್ಲಿ ಮಕ್ಕಳ ಕೈ ಬಿಗಿಯಾಗಿ ಹಿಡಿದುಕೊಂಡು, ಕಡಲೆಕಾಯಿ ತಿಂದು, ಒಂದು ಗುಲಾಬಿ ಗಿಡ ಕೊಂಡು ಸಂಜೆಗೆ ಹಿಂತಿರುಗುತ್ತೇವೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮಣ್ಣನ್ನು ನಂಬಿ ಬದುಕುವ ನಾವು ಆ ತೋಟದಿಂದ ತರಬೇಕಾದುದು ಇಷ್ಟೇ ಅಲ್ಲ.

1760ರಲ್ಲಿ ಹೈದರಾಲಿಯು ಆರಂಭಿಸಿದ ಈ ತೋಟಕ್ಕೆ ಟಿಪ್ಪು ಸುಲ್ತಾನನು ದೂರದೇಶಗಳಿಂದ ಬೀಜ, ಸಸಿಗಳನ್ನು ತರಿಸಿದನು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಈಗ ಅದರ ವಿಸ್ತಾರ 240 ಎಕರೆ. ಅರಸರ ವಿಹಾರಕ್ಕೆಂದು ಹುಟ್ಟಿದ ತೋಟವು ಹೀಗೆ ಹೊಸ ಬೆಳೆಗಳ ಪರೀಕ್ಷೆಯ ಹೊಲವಾಯಿತು. ಮೆಕ್ಸಿಕೋ ಕಡೆಯ ಸೀಮೆಬದನೆಯನ್ನು ಬೆಂಗಳೂರಿನ ಸುತ್ತಮುತ್ತ ರೂಢಿಗೆ ತಂದವರು 1874ರಲ್ಲಿ ಈ ತೋಟದ ಅಧಿಕಾರ ವಹಿಸಿಕೊಂಡ ಜಾನ್ ಕ್ಯಾಮೆರಾನ್ ಎಂದು ಹೇಳುತ್ತಾರೆ. ತಮಿಳರು ಅದನ್ನು ‘ಬೆಂಗಳೂರು ಕತ್ತರಿಕ್ಕಾಯ್’ ಎಂದೂ ತೆಲುಗರು ‘ಬೆಂಗಳೂರು ವಂಕಾಯ’ ಎಂದೂ ಕರೆಯುವುದನ್ನು ನಮ್ಮ ಸಂತೆಗಳಲ್ಲಿ ನಿತ್ಯವೂ ಕೇಳುತ್ತೇವೆ. ಆ ಹೆಸರಿನ ಹಿಂದೆ ಒಂದು ತೋಟದ ದುಡಿಮೆ ಇದೆಯೆಂಬುದು ಎಷ್ಟು ಮಂದಿಗೆ ಗೊತ್ತು?

ಕಳೆದ ವರ್ಷ ಪ್ರದರ್ಶನವಿಲ್ಲದ ಒಂದು ದಿನ, ಶಾಲೆಯ ದೊಡ್ಡ ಮಕ್ಕಳನ್ನೂ ನಾಲ್ಕಾರು ರೈತರನ್ನೂ ಕರೆದುಕೊಂಡು, ಗಿಡಮರ ಬಲ್ಲವರೊಬ್ಬರ ಜೊತೆಯಲ್ಲಿ ನಾವು ಅಲ್ಲಿ ಸುತ್ತಾಡಿದೆವು. ಅವರು ಮೊದಲು ತೋರಿಸಿದ್ದು ಹೂವನ್ನಲ್ಲ, ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಯನ್ನು. ಸುಮಾರು 300 ಕೋಟಿ ವರ್ಷಗಳ ಬಂಡೆಯದು. ಇಂಥ ಬಂಡೆಯೇ ಬಿಸಿಲು ಮಳೆಗೆ ಸವೆದು ನಮ್ಮ ರಾಗಿ ಹೊಲದ ಕೆಂಪು ಮಣ್ಣಾಗಿದೆ ಎಂದು ತಿಳಿದಾಗ ಮಕ್ಕಳು ಬಗ್ಗಿ ಅದನ್ನು ಮುಟ್ಟಿ ನೋಡಿದರು. ಗೋಡೆಯಂಥ ಬೇರುಗಳ ಬಿಳಿ ಬೂರುಗದ ಮರದ ಬಳಿ ನಮ್ಮೂರ ಹಿರಿಯರೊಬ್ಬರು, ನಮ್ಮ ಕಡೆಯ ಬೂರುಗದ ಅರಳೆಯಿಂದ ದಿಂಬು ತುಂಬುವ ರೀತಿಯನ್ನು ಹೇಳಿದರು. ಮಾರ್ಗದರ್ಶಕರು ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ ಸಾಗಬೇಕೆಂದು ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ ಪಾಠದ ಅರ್ಥ ಅಲ್ಲಿ ಕಣ್ಣಿಗೆ ಕಂಡಿತು.

ಚೆಂದಕ್ಕೆ ಮರುಳಾಗಿ ಗಿಡ ತರುವುದರಲ್ಲಿ ಅಪಾಯವೂ ಉಂಟು. 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರಕ್ಕೆಂದು ಬಂದ ಲಂಟಾನವು ಇಂದು ನಮ್ಮ ಡೆಂಕಣಿಕೋಟೆ, ತಾಳವಾಡಿ, ನೀಲಗಿರಿಯ ಕಾಡಂಚುಗಳನ್ನು ಮುತ್ತಿ ಮೇವಿನ ಹುಲ್ಲನ್ನು ಅಡಗಿಸಿದೆ. ದನ ತಿಂದರೆ ಅದು ವಿಷ. ಕಡಿದರೆ ಮತ್ತೆ ಚಿಗುರುತ್ತದೆ. ಸೀಮೆಬದನೆಯೂ ಪರದೇಶದ್ದೇ, ಲಂಟಾನವೂ ಪರದೇಶದ್ದೇ. ಒಂದು ಅಡಿಗೆಮನೆ ಸೇರಿತು, ಇನ್ನೊಂದು ಗೋಮಾಳವನ್ನು ನುಂಗಿತು. ಆದುದರಿಂದ ಹೊಸ ಗಿಡ ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಬೇಕು: ಇದರ ಮೂಲ ಯಾವುದು? ಎಷ್ಟು ನೀರು ಬೇಡುತ್ತದೆ? ಇದರ ಬೀಜ ಎಲ್ಲಿಗೆ, ಹೇಗೆ ಹರಡುತ್ತದೆ? ಉತ್ತರ ಹೇಳಬಲ್ಲವರು ಜೊತೆಯಲ್ಲಿರುವುದೇ ಇಂಥ ನಡಿಗೆಯ ನಿಜವಾದ ಲಾಭ.

ಉಪಾಧ್ಯಾಯ ಮಿತ್ರರಲ್ಲಿ ನಮ್ಮ ಸೂಚನೆ ಇಷ್ಟೇ. ಪ್ರದರ್ಶನದ ದಿನ ಬಿಟ್ಟು ಬೇರೆ ದಿನ ಬೆಳಿಗ್ಗೆ ಹೋಗಿರಿ. ಇಪ್ಪತ್ತೈದಕ್ಕಿಂತ ಹೆಚ್ಚು ಜನ ಬೇಡ. ಹಿಂದೆ ನಿಂತವರಿಗೆ ಮಾತು ಕೇಳಿಸದು. ಹತ್ತು ಮರ ನೋಡಿದರೂ ಸಾಕು, ಚೆನ್ನಾಗಿ ನೋಡಲಿ. ಊರಿಗೆ ಬಂದ ಮೇಲೆ ಕೆರೆ ಏರಿಯ ಮೇಲೂ ಹುಣಿಸೆ ತೋಪಿನಲ್ಲಿಯೂ ಅಂಥದೇ ಒಂದು ನಡಿಗೆಯಾಗಲಿ. ಅಲ್ಲಿ ಮಾರ್ಗದರ್ಶಕರು ಊರಿನ ಹಿರಿಯರೇ. ಲಾಲ್‌ಬಾಗಿನ ಮರಗಳಿಗೆ ಹೆಸರಿನ ಹಲಗೆಗಳಿವೆ. ನಮ್ಮ ತೋಪಿನ ಮರಗಳ ಹೆಸರು, ಗುಣ ಇರುವುದು ಅಜ್ಜ ಅಜ್ಜಿಯರ ನಾಲಗೆಯ ಮೇಲೆ ಮಾತ್ರ. ಅವರಿರುವಾಗಲೇ ಮಕ್ಕಳು ಅದನ್ನು ಕೇಳಿ ಬರೆದಿಟ್ಟುಕೊಳ್ಳಲಿ.