ಮೋಟಾರು ಷೆಡ್ಡಿನ ತಂತಿ

ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಮೋಟಾರು ಷೆಡ್ಡು ಇದೆ. ಹೆಸರು ಮಾತ್ರ ದೊಡ್ಡದು. ಬಸವನಗುಡಿಯಲ್ಲಿ ತಾತನವರು ಮನೆ ಕಟ್ಟಿಸಿದಾಗ, ಎಂದಾದರೊಂದು ದಿನ ಕಾರು ಕೊಳ್ಳಬೇಕೆಂಬ ಆಸೆಯಿಂದ ಷೆಡ್ಡನ್ನು ಮೊದಲೇ ಕಟ್ಟಿಸಿಬಿಟ್ಟರಂತೆ. ಕಾರು ಬರಲಿಲ್ಲ. ಅದರ ಬದಲು ಸೌದೆ ಬಂದಿತು, ಮುರಿದ ತೊಟ್ಟಿಲು ಬಂದಿತು, ದಸರೆಯ ಗೊಂಬೆಗಳ ಪೆಟ್ಟಿಗೆ ಬಂದಿತು. ಕೊನೆಗೆ, ನಾನು ಎಸ್‌ಎಸ್‌ಎಲ್‌ಸಿ ಓದುತ್ತಿದ್ದ ವರ್ಷ, ಪಾಠ ಓದಿಕೊಳ್ಳಲು ನಾನೂ ಅಲ್ಲಿಗೆ ಬಂದೆ.

ಈ ವರ್ಷ ನನ್ನಾಕೆ ವಿದ್ಯುತ್ತಿನಿಂದ ಓಡುವ ಸ್ಕೂಟರೊಂದನ್ನು ಕೊಂಡಳು. ಮೂರು ತಲೆಮಾರುಗಳ ಬಳಿಕ ಷೆಡ್ಡಿಗೆ ಒಂದು ವಾಹನ ದೊರೆಯಿತೆಂದು ಮನೆಯವರೆಲ್ಲ ಹಿಗ್ಗಿದೆವು. ಸ್ಕೂಟರಿನ ಚಾರ್ಜರನ್ನು ಅಲ್ಲಿಯೇ ಸಿಕ್ಕಿಸುವುದೆಂದು ನಿಶ್ಚಯವಾಯಿತು. ಆಗ ಅಮ್ಮ ಹೇಳಿದರು:

“ಮಳೆ ಬಂದಾಗ ಆ ಕಬ್ಬಿಣದ ಬಾಗಿಲು ಮುಟ್ಟಿದರೆ ಜುಂ ಅನ್ನುತ್ತೆ ಕಣೋ. ತೇವಕ್ಕೆ ಹಾಗಾಗುತ್ತೆ, ಏನೂ ಆಗಲ್ಲ.”

ಎಷ್ಟು ದಿನದಿಂದ ಎಂದು ಕೇಳಿದೆ. ನಾಲ್ಕೈದು ಮಳೆಗಾಲದಿಂದಲಂತೆ! ನನ್ನ ಆರು ವರ್ಷದ ಮಗಳು ಅದೇ ಬಾಗಿಲನ್ನು ಹಿಡಿದು ಬರಿಗಾಲಿನಲ್ಲಿ ಜೋಕಾಲಿಯಾಡುವುದು ನೆನಪಾಗಿ ನನಗೆ ಮೈಯೆಲ್ಲ ಬೆವೆತಿತು. ಮರುದಿನವೇ ಲೈಸೆನ್ಸ್ ಇರುವ ವಿದ್ಯುತ್ ಮೇಸ್ತ್ರಿಗಳನ್ನು ಕರೆತಂದೆ.

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಯನ್ನೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನೂ ತಲುಪಿತೆಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅದು ನಮ್ಮ ಮನೆಯೊಳಗೆ ಯಾವ ತಂತಿಯಲ್ಲಿ ಹರಿಯುತ್ತಿದೆಯೆಂದು ತಲೆಯೆತ್ತಿ ನೋಡಿದವರು ಎಷ್ಟು ಮಂದಿ? ನಮ್ಮ ಷೆಡ್ಡಿನಲ್ಲಿದ್ದುದು ತಾತನ ಕಾಲದ ತಂತಿ. ಗೋಡೆಯ ಮೇಲೆ ಮರದ ಪಟ್ಟಿ, ಅದರ ಮೇಲೆ ತಗಡಿನ ಕ್ಲಿಪ್ಪುಗಳು, ಅವುಗಳ ಹಿಡಿತದಲ್ಲಿ ರಬ್ಬರು ಹೊದಿಕೆಯ ತಂತಿ. ಮೇಸ್ತ್ರಿಗಳು ಮೇನ್ ಸ್ವಿಚ್ಚನ್ನು ಆರಿಸಿ, ವಿದ್ಯುತ್ತು ನಿಂತಿರುವುದನ್ನು ಮೀಟರಿನಿಂದ ಪರೀಕ್ಷಿಸಿ, ಅನಂತರ ಬೆರಳಿನಿಂದ ತಂತಿಯನ್ನು ಮೆಲ್ಲಗೆ ಬಾಗಿಸಿದರು. ರಬ್ಬರು ಹಳೆಯ ಹಪ್ಪಳದಂತೆ ಪುಡಿಪುಡಿಯಾಗಿ ಉದುರಿತು.

“ನೋಡಿ ಸಾರ್, ಇಲ್ಲಿ ತಂತಿ ಬರಿ ಮೈಯಲ್ಲಿ ಛಾವಣಿ ಕಬ್ಬಿಣಕ್ಕೆ ಒರಗಿಕೊಂಡಿದೆ. ಛಾವಣಿಗೂ ಬಾಗಿಲಿಗೂ ಸಂಬಂಧ ಇದೆ. ಅಮ್ಮನವರ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಅಷ್ಟೆ.”

“ಹಾಗಾದರೆ ಫ್ಯೂಸು ಏಕೆ ಹೋಗಲಿಲ್ಲ?” ಎಂದು ಕೇಳಿದೆ.

ನಮ್ಮಂಥವರ ಅಜ್ಞಾನದ ಮೂಲ ಇಲ್ಲಿಯೇ ಇದೆ. ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಒಂದು ಆಂಪಿಯರಿನ ಹತ್ತನೆಯ ಒಂದು ಪಾಲು ಎದೆಯ ಮೂಲಕ ಹಾದರೆ ಸಾಕು, ಜೀವ ಹೋಗಬಹುದು. ಐದು ಆಂಪಿಯರಿನ ಫ್ಯೂಸಿಗೆ ಅದು ಗೊತ್ತೇ ಆಗುವುದಿಲ್ಲ. ಇಂದಿನ ಎಂಸಿಬಿಯೂ ಫ್ಯೂಸಿನ ಸುಧಾರಿಸಿದ ತಮ್ಮನೇ. ಹೊರೆ ಹೆಚ್ಚಾದಾಗ, ತಂತಿಗೆ ತಂತಿ ಕೂಡಿದಾಗ ಅದು ಬೀಳುತ್ತದೆ. ಮನುಷ್ಯನನ್ನು ಕಾಯುವ ಉಪಕರಣ ಬೇರೆ. ಅದರ ಹೆಸರು ಆರ್‌ಸಿಸಿಬಿ. ಹೋದ ವಿದ್ಯುತ್ತೂ ಹಿಂದಿರುಗಿದ ವಿದ್ಯುತ್ತೂ ಸಮನಾಗಿವೆಯೇ ಎಂದು ಅದು ಸದಾ ಲೆಕ್ಕ ಹಾಕುತ್ತಿರುತ್ತದೆ. ಲೆಕ್ಕದಲ್ಲಿ 30 ಮಿಲಿಆಂಪಿಯರಿನಷ್ಟು ಕೊರತೆ ಕಂಡಿತೋ, ಕಣ್ಣು ಮಿಟುಕಿಸುವುದರೊಳಗೆ ಸಂಪರ್ಕವನ್ನು ಕಡಿದುಬಿಡುತ್ತದೆ.

ಮೇಸ್ತ್ರಿಗಳು ಹೊಸ ಏರ್ಪಾಟನ್ನು ವಿವರಿಸಿದರು. ಹಳೆಯ ತಂತಿಗೆ ತೇಪೆ ಹಾಕುವ ಮಾತೇ ಇಲ್ಲ, ಪೂರ್ತಿ ತೆಗೆಯಬೇಕು. ದೀಪಕ್ಕಾಗಿ ಎಳೆದ ತಂತಿ ದೀಪಕ್ಕೇ ಸರಿ. ಸ್ಕೂಟರಿನ ಚಾರ್ಜರು ಕಡಮೆ ಎಳೆದರೂ ಗಂಟೆಗಟ್ಟಲೆ ಎಳೆಯುತ್ತದೆ. ನಾಳೆ ಕಾರು ಬಂದರೆ 3.3 ಕಿಲೋವಾಟಿನ ಚಾರ್ಜರು 230 ವೋಲ್ಟಿನಲ್ಲಿ ಹದಿನಾಲ್ಕು ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ಆದುದರಿಂದ ಮೇನ್ ಬೋರ್ಡಿನಿಂದ ಷೆಡ್ಡಿಗೆಂದೇ ಪ್ರತ್ಯೇಕವಾಗಿ 4 ಚದರ ಮಿಲಿಮೀಟರಿನ ತಾಮ್ರದ ತಂತಿ, ಅದಕ್ಕೆ ಸ್ವಂತ ಎಂಸಿಬಿ, ಆರ್‌ಸಿಸಿಬಿ, ದೀಪಕ್ಕೆ 1.5ರ ತಂತಿ ಬೇರೆ. ಎಲ್ಲವೂ ಐಎಸ್‌ಐ ಗುರುತಿನವು, ಎಲ್ಲವೂ ಪೈಪಿನೊಳಗೆ. ಕಾರು ಕೊಳ್ಳುವವರು ಅದರ ಚಾರ್ಜರಿಗೆ ಹೇಳಿದ ಜಾತಿಯ ಆರ್‌ಸಿಸಿಬಿಯನ್ನೇ ಹಾಕಿಸಬೇಕು. ಮಂಜೂರಾದ ಹೊರೆಯನ್ನು ಮೀರುವುದಾದರೆ ವಿದ್ಯುತ್ ಕಂಪನಿಗೆ ಅರ್ಜಿ ಕೊಡಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ನೆಲಕ್ಕಂಟಿಯೇ ಇರುತ್ತದೆ. ಆದುದರಿಂದ ಷೆಡ್ಡಿನ ಸಾಕೆಟ್ಟು ಎತ್ತರದಲ್ಲಿರಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಅರ್ಥ್. ನಮ್ಮ ಷೆಡ್ಡಿನಲ್ಲಿದ್ದುದು ಎರಡು ತೂತಿನ ಸಾಕೆಟ್ಟು. ಹಸಿರು ತಂತಿ ಅಲ್ಲಿಗೆ ಎಂದೂ ಹೋಗಿರಲೇ ಇಲ್ಲ. ತುಳಸಿಕಟ್ಟೆಯ ಹಿಂದೆ ತಾತನವರು ಹೂಳಿಸಿದ್ದ ಅರ್ಥ್ ಪೈಪು ತುಕ್ಕು ಹಿಡಿದು, ಸುತ್ತಲಿನ ಮಣ್ಣು ಕಲ್ಲಿನಂತೆ ಒಣಗಿತ್ತು. ಅದನ್ನೂ ಹೊಸದಾಗಿ ಹೂಳಿಸಿದೆವು. ಬಾಗಿಲು, ಛಾವಣಿಗಳ ಕಬ್ಬಿಣವನ್ನೂ ಅದಕ್ಕೆ ಸೇರಿಸಿದರು.

ಇಷ್ಟನ್ನು ಓದಿ, ತಾವೇ ಸ್ಕ್ರೂಡ್ರೈವರು ಹಿಡಿದು ಹೊರಡಬಹುದೆಂದು ಯಾರೂ ಭಾವಿಸಬಾರದು. ಮೇನ್ ಸ್ವಿಚ್ಚು ಆರಿಸಿದರೂ ಮೀಟರಿನಿಂದ ಅಲ್ಲಿಯವರೆಗೆ ಬರುವ ತಂತಿಯಲ್ಲಿ ಜೀವವಿರುತ್ತದೆ. ನಮ್ಮ ಕೆಲಸವೇನಿದ್ದರೂ ನೋಡುವುದು, ಕೇಳುವುದು, ಹಣ ಕೊಡುವುದು. ಕೊನೆಯದರಲ್ಲಿ ಚೌಕಾಸಿ ಸಲ್ಲದು.

ಹಳೆಯ ಪಿಂಗಾಣಿ ಫ್ಯೂಸನ್ನು ಕಳಚಿದಾಗ ಮೇಸ್ತ್ರಿಗಳು ಸುಮ್ಮನೆ ಅದನ್ನು ನನ್ನ ಕೈಗಿತ್ತರು. ಕೂದಲೆಳೆಯಂಥ ಫ್ಯೂಸು ತಂತಿ ಇರಬೇಕಾದಲ್ಲಿ, ಮೂರೆಳೆ ದಪ್ಪ ತಾಮ್ರವನ್ನು ಹುರಿಹೊಸೆದು, ತುದಿಗಳನ್ನು ನೀಟಾಗಿ ಮಡಿಸಿ ಕಟ್ಟಿತ್ತು. ಅದು ಮೂರು ಜನ್ಮಕ್ಕೂ ಕರಗುವಂಥದಲ್ಲ. ಅದಕ್ಕೆ ಮೊದಲು ಮನೆಯೇ ಹೊತ್ತಿ ಉರಿಯಬೇಕು.

“ಯಾರೋ ಗೊತ್ತಿಲ್ಲದವರು ಹಾಕಿದ್ದಾರೆ ಸಾರ್” ಎಂದರು.

ಅಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆ ಮಡಿಕೆಯ ಗುರುತು ಅವರಿಗೆ ಹತ್ತಿತು.

“ಅವರೇ ಕಟ್ಟಿದ್ದು. ನಿನ್ನ ಪರೀಕ್ಷೆಯ ವರ್ಷ. ದಿನಾ ರಾತ್ರಿ ಫ್ಯೂಸ್ ಹೋಗ್ತಿತ್ತು. ಮಗು ಕತ್ತಲಲ್ಲಿ ಕೂತ್ಕೊಳ್ಳುತ್ತೆ ಅಂತ ಕಟ್ಟಿದರು.”

ತಂದೆಯವರು ತೀರಿಕೊಂಡು ಎಂಟು ವರ್ಷಗಳಾದುವು. ನಾನು ಆ ದೀಪದಡಿಯಲ್ಲಿ ಓದಿ ತೇರ್ಗಡೆಯಾದೆ, ಎಂಎ ಮಾಡಿದೆ, ಮೇಷ್ಟರಾದೆ. ಅಷ್ಟು ಕಾಲವೂ ಆ ಪ್ರೀತಿಯ ಗಂಟು ನಮ್ಮೆಲ್ಲರ ತಲೆಯ ಮೇಲೆ ತೂಗುತ್ತಲೇ ಇದ್ದಿತು. ಅಕ್ಕರೆಯೊಂದೇ ಸಾಲದು, ಅರಿವೂ ಜೊತೆಗಿರಬೇಕೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅಂದು ಷೆಡ್ಡಿನಲ್ಲಿ ನಿಂತು ಅದರ ಅರ್ಥ ತಿಳಿದುಕೊಂಡೆ.

ಆರ್‌ಸಿಸಿಬಿಯ ಮೇಲೆ ಟೆಸ್ಟ್ ಎಂಬ ಸಣ್ಣದೊಂದು ಗುಂಡಿಯಿರುತ್ತದೆ. ಅದನ್ನು ಒತ್ತಿದೊಡನೆ ಸಂಪರ್ಕ ಕಡಿಯಬೇಕು. ಕಡಿಯದಿದ್ದರೆ ಉಪಕರಣ ಕೆಟ್ಟಿದೆಯೆಂದೇ ಅರ್ಥ. ತಿಂಗಳ ಮೊದಲನೆಯ ಭಾನುವಾರ ನಮ್ಮ ಮನೆಯಲ್ಲಿ ಅದನ್ನು ಒತ್ತುವ ಅಧಿಕಾರ ಮಗಳದು. ಪಿಂಗಾಣಿ ಫ್ಯೂಸನ್ನು ಅಮ್ಮ ತಮ್ಮ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ.