ಒಣ ನೆಲ ಅಂದರೆ ಖಾಲಿ ನೆಲ ಅಲ್ಲ

ಹೋದ ವಾರ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗ ಮೊಬೈಲಲ್ಲಿ ಒಂದು ವಿಡಿಯೋ ತೋರಿಸಿದ. ಮರುಭೂಮಿಯಲ್ಲಿ ಸಾಲಾಗಿ ನಿಂತ ವಿಮಾನಗಳು. ಕೆಲವಕ್ಕೆ ಎಂಜಿನ್ನೇ ಇಲ್ಲ. ಕಿಟಕಿಗಳಿಗೆಲ್ಲ ಹೊಳೆಯುವ ಹಾಳೆ ಅಂಟಿಸಿದ್ದಾರೆ.

"ಅಕ್ಕ, ಇವನ್ನ ನಮ್ ಕಾವಲ್ನಾಗೂ ನಿಲ್ಲಿಸ್ಬೋದಲ್ಲ? ಮಳೆನೂ ಇಲ್ಲ, ಜಾಗನೂ ಖಾಲಿ ಬಿದ್ದೈತೆ. ನಮ್ಮಂಥೋರಿಗೆ ಕೆಲ್ಸ ಆದ್ರೂ ಸಿಗ್ತಿತ್ತು" ಅಂದ.

ನಮ್ಮದು ಚಳ್ಳಕೆರೆ ಸೀಮೆ. ಅವನು ಐಟಿಐ ಮುಗಿಸಿ ಎರಡು ವರ್ಷವಾಯಿತು, ಕೆಲಸ ಸಿಕ್ಕಿಲ್ಲ. ಹಾಗಾಗಿ ಅವನ ಮಾತನ್ನು ನಗೆಯಾಡಿ ತಳ್ಳಿಹಾಕುವ ಮನಸ್ಸಾಗಲಿಲ್ಲ. ಆದರೆ "ಖಾಲಿ" ಅಂದನಲ್ಲ, ಆ ಒಂದು ಪದ ಚುಚ್ಚಿತು.

ಮೊದಲು ವಿಮಾನದ ವಿಷಯ. ನಿಂತ ವಿಮಾನಕ್ಕೆ ದೊಡ್ಡ ಶತ್ರು ತೇವ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಲೋಹವನ್ನು ತಿನ್ನುತ್ತೆ, ವೈರಿಂಗ್ ಕೆಡಿಸುತ್ತೆ, ಸೀಟುಗಳಿಗೆ ಬೂಷ್ಟು ಹಿಡಿಸುತ್ತೆ. ಅದಕ್ಕೇ ಒಣ ಹವೆಯ ಜಾಗ ಹುಡುಕುತ್ತಾರೆ. ಅಮೆರಿಕದ ಅರಿಜೋನಾದಲ್ಲಿ ಪಿನಾಲ್ ಏರ್‌ಪಾರ್ಕ್, ಕ್ಯಾಲಿಫೋರ್ನಿಯಾದಲ್ಲಿ ಮೊಹಾವಿ ಮತ್ತು ವಿಕ್ಟರ್‌ವಿಲ್, ನ್ಯೂ ಮೆಕ್ಸಿಕೋದಲ್ಲಿ ರಾಸ್ವೆಲ್, ಸ್ಪೇನ್‌ನಲ್ಲಿ ತೆರುಯೆಲ್, ಆಸ್ಟ್ರೇಲಿಯಾದ ನಡುಮಧ್ಯೆ ಆಲಿಸ್ ಸ್ಪ್ರಿಂಗ್ಸ್. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ವರ್ಷಕ್ಕೆ ಸರಾಸರಿ 300 ಮಿ.ಮೀ. ಮಳೆಯೂ ಬೀಳುವುದಿಲ್ಲ.

2020ರ ಕೊರೊನಾ ಕಾಲದಲ್ಲಿ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಪ್ರಯಾಣಿಕ ವಿಮಾನಗಳು ನೆಲ ಹಿಡಿದವು. ಆಗ ಸಿಂಗಪುರ ಏರ್‌ಲೈನ್ಸ್ ತನ್ನ ಎರಡು ಅಂತಸ್ತಿನ ಎ380 ವಿಮಾನಗಳಲ್ಲಿ ಕೆಲವನ್ನು ಆಲಿಸ್ ಸ್ಪ್ರಿಂಗ್ಸ್‌ಗೆ ಕಳಿಸಿತು. ಸಿಂಗಪುರದ ಕಡಲ ಹವೆಯಲ್ಲಿ ಅವು ಕೆಡುತ್ತವೆ ಅನ್ನುವ ಚಿಂತೆ ಅದಕ್ಕೆ.

ತಂದು ನಿಲ್ಲಿಸಿಬಿಟ್ಟರೆ ಮುಗಿಯಲಿಲ್ಲ. ಎಂಜಿನ್ನಿಗೆ ಕೆಡದಂಥ ಬೇರೆ ಎಣ್ಣೆ ಹಾಕಬೇಕು. ಹಕ್ಕಿ ಗೂಡು ಕಟ್ಟದಂತೆ, ಹುಳ ಹೋಗದಂತೆ ಇರುವ ತೂತುಗಳನ್ನೆಲ್ಲ ಮುಚ್ಚಬೇಕು. ಹೊಸ ಚಪ್ಪಲಿ ಡಬ್ಬಿಯಲ್ಲಿ ತೇವ ಹೀರುವ ಪುಟ್ಟ ಪೊಟ್ಟಣ ಇರುತ್ತಲ್ಲ, ಅಂಥದ್ದರ ದೊಡ್ಡ ಚೀಲಗಳನ್ನು ಎಂಜಿನ್ನಿನೊಳಗೆ ಇಡುತ್ತಾರೆ. ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗದಂತೆ ಆಗಾಗ ಚಕ್ರ ತಿರುಗಿಸುತ್ತಾರೆ. ಹಾವಿನ ಕಾಟ ಬೇರೆ. ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ವಿಮಾನಗಳು ವಿಕ್ಟರ್‌ವಿಲ್‌ನಲ್ಲಿ ನಿಂತಿದ್ದಾಗ, ಬಾಲವನ್ನು ಗಿಲಕಿಯಂತೆ ಆಡಿಸುವ ವಿಷದ ಹಾವುಗಳು ಚಕ್ರದ ಸಂದಿಯಲ್ಲಿ ಬಂದು ಮಲಗುತ್ತಿದ್ದವು. ಎಂಜಿನಿಯರುಗಳು ಪೊರಕೆ ಕೋಲು ಹಿಡಿದು ಚಕ್ರ ಬಡಿದು, ಓಡಿಸಿ, ಆಮೇಲೆ ಕೆಲಸಕ್ಕೆ ಇಳಿಯುತ್ತಿದ್ದರು.

ಇಷ್ಟೆಲ್ಲ ಮಾಡಿದ ಮೇಲೆ ಕೆಲವು ಮತ್ತೆ ಹಾರುತ್ತವೆ. ಉಳಿದವನ್ನು ಬಿಚ್ಚುತ್ತಾರೆ. ಹೆಚ್ಚು ಬೆಲೆ ಇರುವುದು ಎಂಜಿನ್ನಿಗೆ. ಆಮೇಲೆ ಚಕ್ರದ ಕಾಲುಗಳು, ಕಾಕ್‌ಪಿಟ್‌ನ ಉಪಕರಣಗಳು. ಕೊನೆಗೆ ಉಳಿದ ಅಲ್ಯೂಮಿನಿಯಂ ಮೈ ಗುಜರಿಗೆ. ನಮ್ಮ ಏರ್ ಇಂಡಿಯಾದ ದೊಡ್ಡ ಬೋಯಿಂಗ್ 747 ಕೂಡ 2024ರ ಏಪ್ರಿಲ್‌ನಲ್ಲಿ ಮುಂಬೈಯಿಂದ ಅಮೆರಿಕಕ್ಕೆ ಹೊರಟಿದ್ದು ಹೀಗೆ ಬಿಡಿಭಾಗವಾಗುವುದಕ್ಕೇ.

ಈಗ ತಮ್ಮನ ಪ್ರಶ್ನೆಗೆ ಬರೋಣ. ನಮ್ಮಲ್ಲಿ ಯಾಕೆ ಬೇಡ?

ಒಂದು, ನಮ್ಮ ಒಣ ಹವೆ ಅವರ ಒಣ ಹವೆಯಂಥದ್ದಲ್ಲ. ಮಳೆ ಕೈಕೊಟ್ಟರೂ ಮುಂಗಾರಿನ ತಿಂಗಳುಗಳಲ್ಲಿ ಗಾಳಿಯಲ್ಲಿ ತೇವ ಇದ್ದೇ ಇರುತ್ತೆ. ನೆಲವೂ ಬೇರೆ. ಅರಿಜೋನಾದ ಟೂಸಾನ್‌ನಲ್ಲಿ ಸೇನೆಯ ಹಳೇ ವಿಮಾನಗಳು ಸಾವಿರಗಟ್ಟಲೆ ನಿಂತಿವೆ. ಅಲ್ಲಿ ಕಾಂಕ್ರೀಟ್ ಹಾಕದೆ ಬರೀ ಮಣ್ಣಿನ ಮೇಲೇ ನಿಲ್ಲಿಸಬಹುದು, ನೆಲ ಅಷ್ಟು ಗಟ್ಟಿ. ನಮ್ಮ ಎರೆಯಲ್ಲಿ ಒಂದು ಹದ ಮಳೆಗೆ ಟ್ರ್ಯಾಕ್ಟರೇ ಹೂತುಕೊಳ್ಳುತ್ತೆ.

ಎರಡು, ಕೆಲಸ. ವಿಮಾನದ ರಿಪೇರಿಗೆ ಸಹಿ ಹಾಕುವವರಿಗೆ ಲೈಸೆನ್ಸ್ ಬೇಕು. ನಮ್ಮ ದೇಶದಲ್ಲಿ ಅದನ್ನು ಕೊಡುವುದು ಡಿಜಿಸಿಎ. ಬರೀ ಐಟಿಐ ಸರ್ಟಿಫಿಕೇಟಿಗೆ ಅದು ಸಿಗುವುದಿಲ್ಲ. ತರಬೇತಿಗೆ ದಾರಿ ಮಾಡದೆ ಜಾಗ ಮಾತ್ರ ಕೊಟ್ಟರೆ ಊರ ಹುಡುಗರಿಗೆ ಉಳಿಯುವುದು ಗೇಟು ಕಾಯುವ ಕೆಲಸ.

ಮೂರನೆಯದೇ ಮುಖ್ಯ. ಪಿನಾಲ್, ರಾಸ್ವೆಲ್, ವಿಕ್ಟರ್‌ವಿಲ್ ಎಲ್ಲವೂ ಒಂದು ಕಾಲದ ಸೇನಾ ವಿಮಾನ ನೆಲೆಗಳು. ಸೇನೆ ಬಿಟ್ಟುಹೋದ ರನ್‌ವೇ ಅಲ್ಲಿ ಮೊದಲೇ ಇತ್ತು. ವಿಮಾನ ನಿಲ್ಲಿಸಲು ಯಾರೂ ಹೊಸದಾಗಿ ಹುಲ್ಲುಗಾವಲು ಹುಡುಕಿಕೊಂಡು ಹೋಗಲಿಲ್ಲ. ಆಲಿಸ್ ಸ್ಪ್ರಿಂಗ್ಸ್‌ನಲ್ಲೂ ಅವು ನಿಂತಿರುವುದು ಊರಿನ ವಿಮಾನ ನಿಲ್ದಾಣದಲ್ಲೇ. ಹಾಗಿದ್ದರೂ ಅದನ್ನು "ಏನೂ ಇಲ್ಲದ ಮರುಭೂಮಿ" ಅನ್ನುವುದು ಸುಳ್ಳು. ಅರೆಂಟೆ ಜನರಿಗೆ ಆ ಊರು ಎಂಪಾರ್ಂಟ್ವೆ. ಸುತ್ತಲಿನ ಗುಡ್ಡಗಳನ್ನು ಕಂಬಳಿಹುಳದ ರೂಪದ ಪೂರ್ವಜರು ಮಾಡಿದರು ಅನ್ನುವುದು ಅವರ ನಂಬಿಕೆ. 2000ದಲ್ಲಿ ಅಲ್ಲಿನ ನ್ಯಾಯಾಲಯ ಪಟ್ಟಣದ ಹಲವು ಜಾಗಗಳ ಮೇಲೆ ಅವರಿಗೆ ಮೂಲ ಹಕ್ಕು ಇದೆ ಎಂದು ಒಪ್ಪಿತು. ಹೊರಗಿನವರ ಕಣ್ಣಿಗೆ ಬರೀ ಕೆಂಪು ಮಣ್ಣು ಕಂಡ ಕಡೆ ಹಕ್ಕುದಾರರಿದ್ದರು.

ನಮ್ಮ ಅಮೃತಮಹಲ್ ಕಾವಲುಗಳ ಕಥೆಯೂ ನಿಮಗೆ ಗೊತ್ತು. ಸಾವಿರಾರು ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಗೋಡೆ ಎದ್ದಿತು. ಊರಿನವರು ಹಸಿರು ನ್ಯಾಯಮಂಡಳಿಯ ಬಾಗಿಲಿಗೂ ಹೋದರು. 2017ರಲ್ಲಿ ಡಿಆರ್‌ಡಿಒ ವಿಮಾನ ಪರೀಕ್ಷಾ ನೆಲೆ ಶುರುವಾಯಿತು. 2023ರ ಏಪ್ರಿಲ್ 2ರಂದು ಅದೇ ರನ್‌ವೇ ಮೇಲೆ ಇಸ್ರೋ ತನ್ನ ಮರುಬಳಕೆಯ ವಾಹನವನ್ನು ಇಳಿಸಿದಾಗ ನನಗೂ ಹೆಮ್ಮೆಯಾಯಿತು. ಹೆಮ್ಮೆ ಬೇರೆ, ಲೆಕ್ಕ ಬೇರೆ. ಹುಲ್ಲು, ಕುರಿ, ದನ, ಕಂಬಳಿ ನೇಯುವವರ ಉಣ್ಣೆ, ಕೃಷ್ಣಮೃಗ ಇವೆಲ್ಲ ಇದ್ದ ನೆಲವನ್ನು "ಖಾಲಿ" ಅಂತ ಬರೆದರೆ ಕಳೆದುಕೊಂಡವರ ನಷ್ಟ ಲೆಕ್ಕಕ್ಕೇ ಬರುವುದಿಲ್ಲ.

ನಾಳೆ ವಿಮಾನ ಅಲ್ಲದಿದ್ದರೆ ಸೋಲಾರ್, ಸೋಲಾರ್ ಅಲ್ಲದಿದ್ದರೆ ಗುಜರಿ ಯಾರ್ಡ್ ಅಂತ ಯಾರಾದರೂ ಬಂದೇ ಬರುತ್ತಾರೆ. ಆಗ ಗ್ರಾಮಸಭೆಯಲ್ಲಿ ಮೂರು ಮಾತು ಕೇಳಿ. ಈಗ ಈ ನೆಲದಲ್ಲಿ ಯಾರ ದನ ಕುರಿ ಮೇಯುತ್ತಿವೆ, ಅವರ ಹೆಸರು ಕಾಗದದಲ್ಲಿ ಇದೆಯಾ? ನಮ್ಮ ಹುಡುಗರಿಗೆ ಯಾವ ಕೆಲಸ, ತರಬೇತಿ ಯಾರ ಖರ್ಚಲ್ಲಿ? ಕೆಲಸ ಮುಗಿದ ಮೇಲೆ ಕಸ ಎತ್ತುವವರು ಯಾರು? ಈ ಕೊನೆಯ ಪ್ರಶ್ನೆ ಮರುಭೂಮಿಯವರಿಗೂ ಬರಲಿದೆ. ಬೋಯಿಂಗ್ 787ರಂಥ ಹೊಸ ವಿಮಾನಗಳ ತೂಕದಲ್ಲಿ ಅರ್ಧದಷ್ಟು ಕಾರ್ಬನ್ ನಾರಿನಂಥ ವಸ್ತುಗಳೇ. ಅವನ್ನು ಅಲ್ಯೂಮಿನಿಯಂ ಹಾಗೆ ಕರಗಿಸಿ ಮಾರಲಾಗುವುದಿಲ್ಲ.

ತಮ್ಮನಿಗೆ ಇದನ್ನೆಲ್ಲ ಹೇಳಿದೆ. "ಹಂಗಾದ್ರೆ ನಂಗೆ ಕೆಲ್ಸ?" ಅಂದ. ಅವನು ಕೇಳಿದ್ದು ಸರಿಯಾಗಿಯೇ ಇದೆ. ಅದಕ್ಕೆ ಉತ್ತರ ಕೊಡಬೇಕಾದವರು ಕೊಡಲಿ, ನಾವು ಬಿಡದೆ ಕೇಳೋಣ. ಆದರೆ ಅವನಿಗೆ ಕೆಲಸ ಕೊಡುವ ನೆಪದಲ್ಲಿ ಚಿಕ್ಕಪ್ಪನ ಕುರಿ ಮೇಯುವ ಜಾಗವನ್ನು ಖಾಲಿ ಅಂತ ಬರೆದುಕೊಳ್ಳುವುದು ಬೇಡ.