ಕಾಯುವವಳು ಆಕೆ, ತೀರ್ಮಾನಿಸುವವರು ನಾವು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಮೊಹಲ್ಲಾಗಳಲ್ಲಿ ವಿದೇಶದಲ್ಲಿ ದುಡಿಯುವ ಅಳಿಯ ಅಪರೂಪದವನೇನಲ್ಲ. ರಜೆಯಲ್ಲಿ ಬಂದವನಿಗೆ ತರಾತುರಿಯಲ್ಲಿ ನಿಕಾಹ್ ನೆರವೇರುತ್ತದೆ. ರಜೆ ಮುಗಿದೊಡನೆ ಆತ ವಿಮಾನವೇರುತ್ತಾನೆ. ವಧು ತವರಿನಲ್ಲೋ ಅತ್ತೆಯ ಮನೆಯಲ್ಲೋ ಉಳಿಯುತ್ತಾಳೆ. ವೀಸಾಕ್ಕೆ ಅರ್ಜಿ ಹಾಕುವುದು ಯಾವಾಗ ಎಂದು ಕೇಳಿದರೆ ಹಿರಿಯರಲ್ಲಿ ಸಿದ್ಧ ಉತ್ತರವಿದೆ: “ಈಗ ಅಲ್ಲಿ ನಿಯಮ ಬಿಗಿಯಾಗಿದೆಯಂತೆ, ಸ್ವಲ್ಪ ಸಡಿಲವಾಗಲಿ.” ಈ ‘ಸ್ವಲ್ಪ’ ಒಂದು ವರ್ಷವೂ ಆಗಬಹುದು, ಐದು ವರ್ಷವೂ ಆಗಬಹುದು. ಇದನ್ನು ನಾವು ವಿವೇಕವೆಂದು ಕರೆದುಕೊಳ್ಳುತ್ತಿದ್ದೇವೆ. ವಾಸ್ತವದಲ್ಲಿ ಇದು ಗಂಡಸರು ಕೈಗೊಳ್ಳುವ, ಆದರೆ ಹೆಣ್ಣು ಬೆಲೆ ತೆರುವ ತೀರ್ಮಾನ.

ನಿಯಮಗಳು ಸಡಿಲವಾಗುತ್ತವೆಂಬ ನಂಬಿಕೆಗೆ ಆಧಾರವಾದರೂ ಏನು? ಸೌದಿ ಅರೇಬಿಯಾವನ್ನು ನೋಡಿ. 2017ರ ಜುಲೈಯಲ್ಲಿ ಅಲ್ಲಿನ ಸರ್ಕಾರವು ವಿದೇಶೀಯರ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿತು. ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ ಅದು 400 ರಿಯಾಲ್ ಆಯಿತು. ಪತ್ನಿ ಮತ್ತು ಇಬ್ಬರು ಮಕ್ಕಳಿದ್ದರೆ ತಿಂಗಳಿಗೆ 1,200 ರಿಯಾಲ್! ಅಂಗಡಿಯಲ್ಲಿ ದುಡಿಯುವವನ ಸಂಬಳದಲ್ಲಿ ಉಳಿಯುವುದೇನು? ಕುವೈತ್ 2022ರಲ್ಲಿ ಕುಟುಂಬ ವೀಸಾ ನೀಡುವುದನ್ನೇ ತಡೆಹಿಡಿಯಿತು. 2024ರ ಜನವರಿಯಲ್ಲಿ ಬಾಗಿಲು ತೆರೆದಾಗ 800 ದಿನಾರ್ ಸಂಬಳ ಮತ್ತು ವಿಶ್ವವಿದ್ಯಾಲಯದ ಪದವಿ ಎರಡನ್ನೂ ಕೇಳಿತು. ಅದೇ ವರ್ಷದ ಜುಲೈಯಲ್ಲಿ ಪದವಿಯ ಷರತ್ತನ್ನು ಕೈಬಿಟ್ಟಿತು.

ಮಾನವ ಹಕ್ಕುಗಳ ಪಾಠ ಹೇಳುವ ಬ್ರಿಟನ್ ಕೂಡ ಇದಕ್ಕೆ ಹೊರತಲ್ಲ. ಪತ್ನಿಯನ್ನು ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ 18,600 ಪೌಂಡ್ ಆದಾಯವಿರಬೇಕೆಂದು 2012ರಲ್ಲಿ ಅದು ನಿಯಮ ಮಾಡಿತು. 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಮಿತಿಯನ್ನು ತಾತ್ವಿಕವಾಗಿ ಎತ್ತಿಹಿಡಿಯಿತು. 2023ರ ಡಿಸೆಂಬರ್‌ನಲ್ಲಿ ಮಿತಿಯನ್ನು 38,700ಕ್ಕೆ ಏರಿಸುವುದಾಗಿ ಸರ್ಕಾರ ಘೋಷಿಸಿತು. ಅದೇ ತಿಂಗಳು ಮಾತು ಬದಲಿಸಿ, ಹಂತ ಹಂತವಾಗಿ ಏರಿಸುವೆನೆಂದಿತು. 2024ರ ಏಪ್ರಿಲ್ 11ರಿಂದ 29,000 ಪೌಂಡ್ ಜಾರಿಗೆ ಬಂತು. ಜುಲೈಯಲ್ಲಿ ಬಂದ ಹೊಸ ಸರ್ಕಾರ ಮುಂದಿನ ಏರಿಕೆಯನ್ನು ತಡೆಹಿಡಿದು ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ವೃದ್ಧರ ಆರೈಕೆಗೆಂದು ಹೋದ ಕೆಲಸಗಾರರ ಗತಿ ಇನ್ನೂ ಕಠೋರವಾಗಿತ್ತು. 2024ರ ಮಾರ್ಚ್ 11ರಿಂದ ಹೊಸದಾಗಿ ಆ ವೀಸಾ ಕೋರಿದವರಿಗೆ ಕುಟುಂಬವನ್ನು ಕರೆದೊಯ್ಯುವ ಹಕ್ಕೇ ಇಲ್ಲವಾಯಿತು. ಅವರ ಮುದುಕರನ್ನು ನೋಡಿಕೊಳ್ಳಲು ನಮ್ಮ ಮಕ್ಕಳು ಬೇಕಾಗಿದ್ದರು, ನಮ್ಮ ಮಕ್ಕಳ ಸಂಸಾರ ಮಾತ್ರ ಬೇಡವಾಗಿತ್ತು! ದಾಂಪತ್ಯಕ್ಕೆ ಸಂಬಳದ ಅಳತೆಗೋಲು ಹಿಡಿಯುವ ಈ ನೀತಿಯನ್ನು, ಅದು ರಿಯಾದ್‌ನದ್ದಾಗಲಿ ಲಂಡನ್‌ನದ್ದಾಗಲಿ, ಅನ್ಯಾಯವೆಂದೇ ಹೇಳಬೇಕು.

ಆದರೆ ಅನ್ಯಾಯವನ್ನು ಖಂಡಿಸಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯುವುದಿಲ್ಲ. ಈ ಏರಿಳಿತಗಳಲ್ಲಿ ಬಚಾವಾದವರು ಯಾರು? ಬ್ರಿಟನ್ನಿನಲ್ಲಿ ಏಪ್ರಿಲ್ 11ಕ್ಕೆ ಮೊದಲು ಅರ್ಜಿ ಸಲ್ಲಿಸಿದವರಿಗೆ ಹಳೆಯ 18,600ರ ಮಿತಿಯೇ ಅನ್ವಯಿಸಿತು. ಅದೇ ಸಂಗಾತಿಯೊಂದಿಗೆ ವೀಸಾ ವಿಸ್ತರಿಸುವಾಗಲೂ ಅದೇ ಮಿತಿ. ಘೋಷಣೆಗೂ ಜಾರಿಗೂ ನಡುವೆ ಸಿಕ್ಕ ಅವಧಿ ಸುಮಾರು ನಾಲ್ಕು ತಿಂಗಳು. ಆದರೆ ಸಂಬಳದಾರನು ಸಾಮಾನ್ಯವಾಗಿ ಒಪ್ಪಿಸಬೇಕಾದದ್ದು ಒಂದೇ ಕಡೆ ದುಡಿದ ಆರು ತಿಂಗಳ ಸಂಬಳ ಚೀಟಿ! ಅಂದರೆ ಸುದ್ದಿ ಕೇಳಿದ ಮೇಲೆ ಎದ್ದವನಿಗೆ ಕಾಲವೇ ಇರಲಿಲ್ಲ. ಮೊದಲೇ ಕಾಗದ ಜೋಡಿಸಿಟ್ಟವನಿಗೆ ಮಾತ್ರ ಆ ನಾಲ್ಕು ತಿಂಗಳು ದಕ್ಕಿತು.

ಕುವೈತ್‌ನಲ್ಲಿ ಕಾದವರೇ ಗೆದ್ದರಲ್ಲವೇ ಎಂದು ಕೆಲವರು ವಾದಿಸಬಹುದು. ಪದವಿಯಿಲ್ಲದವನಿಗೆ ಕಾಯದೆ ಬೇರೆ ದಾರಿಯಿರಲಿಲ್ಲ, ನಿಜ. ಆದರೆ ಬಾಗಿಲು ತೆರೆದ ದಿನ ಒಳಹೋಗಲು ಕೈಯಲ್ಲಿ ಕಾಗದ ಬೇಡವೇ? ಹೊಗೆಸೊಪ್ಪು ಬೆಳೆಯುವ ನಮ್ಮ ಸೀಮೆಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹರಾಜು ಕಟ್ಟೆಯ ದರ ಬೆಳೆಗಾರನ ಕೈಯಲ್ಲಿಲ್ಲ. ಹಾಗೆಂದು ಒಳ್ಳೆಯ ದರ ಬರಲಿ ಎಂದು ಹಸಿ ಎಲೆಯನ್ನು ಹೊಲದಲ್ಲೇ ಬಿಟ್ಟು ಯಾರೂ ಕೂರುವುದಿಲ್ಲ. ಬ್ಯಾರನ್‌ನಲ್ಲಿ ಹದಮಾಡಿ, ಬೇಲು ಕಟ್ಟಿ ಸಿದ್ಧವಾಗಿಡುತ್ತಾರೆ. ಮಗಳ ವಿಷಯದಲ್ಲಿ ಈ ಬುದ್ಧಿ ಎಲ್ಲಿ ಹೋಯಿತು?

ಹಾಗಾದರೆ ಕಾಗದ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ? ಬಹುಪಾಲು ಮದುವೆಯ ಪ್ರಮಾಣಪತ್ರದಲ್ಲಿ. ಜಮಾಅತ್ ನೀಡುವ ನಿಕಾಹ್‌ನಾಮಾ ನಮಗೆ ಪವಿತ್ರ. ಆದರೆ ವಿದೇಶೀ ಕಚೇರಿಗೆ ಬೇಕಾದದ್ದು ಸರ್ಕಾರಿ ಮುದ್ರೆ. ಎಲ್ಲ ಧರ್ಮೀಯರ ವಿವಾಹಗಳೂ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರ ಫೆಬ್ರವರಿಯಲ್ಲೇ ಹೇಳಿತು. ಕರ್ನಾಟಕದಲ್ಲಿ ಅದಕ್ಕಾಗಿ 1976ರ ಕಾಯ್ದೆಯೇ ಇದೆ. ಆದರೂ ವಲೀಮಾಕ್ಕೆ ಲಕ್ಷ ಸುರಿಯುವ ಕುಟುಂಬ ತಾಲ್ಲೂಕು ಕೇಂದ್ರದ ನೋಂದಣಿ ಕಚೇರಿಗೆ ಹೋಗುವುದು ವೀಸಾ ದಲ್ಲಾಳಿ ಹೇಳಿದ ಮೇಲೆಯೇ. ಅಲ್ಲಿ ನೋಡಿದರೆ ಶಾಲಾ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ನಿಕಾಹ್‌ನಾಮಾದಲ್ಲಿ ಮಗದೊಂದು. ತಿದ್ದುಪಡಿಗೆ ತಿಂಗಳುಗಳು ಬೇಕು. ಬಳಿಕ ರಾಜ್ಯ ಸರ್ಕಾರ ಮತ್ತು ವಿದೇಶಾಂಗ ಸಚಿವಾಲಯಗಳ ದೃಢೀಕರಣ, ಕೆಲವು ದೇಶಗಳಿಗೆ ರಾಯಭಾರ ಕಚೇರಿಯ ಮುದ್ರೆ ಕೂಡ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್‌ನಿಂದ ಕಲಿತ ಸಮುದಾಯ, ಬದುಕಿನ ಅತಿ ದೊಡ್ಡ ಕರಾರಿನ ಬಗ್ಗೆ ಇಷ್ಟು ಉದಾಸೀನವಾಗಿರುವುದು ವಿಪರ್ಯಾಸವಲ್ಲದೆ ಮತ್ತೇನು?

ಸರ್ಕಾರವೂ ಇಲ್ಲಿ ನಿರಪರಾಧಿಯಲ್ಲ. 2023ರ ಆಗಸ್ಟ್ 30ರ ಆದೇಶದಲ್ಲಿ ಮುಸ್ಲಿಮರಿಗೆ ವಿವಾಹ ಪ್ರಮಾಣಪತ್ರ ನೀಡುವ ಅಧಿಕಾರವನ್ನು ಅದು ಜಿಲ್ಲಾ ವಕ್ಫ್ ಅಧಿಕಾರಿಗಳಿಗೆ ವಹಿಸಿತು. ವಕ್ಫ್ ಕಾಯ್ದೆಯಲ್ಲಿ ಅಂಥ ಅಧಿಕಾರವೇ ಇಲ್ಲವೆಂಬ ಆಕ್ಷೇಪ ಬಂತು. 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಕಾನೂನಿನ ಬುನಾದಿಯಿಲ್ಲದ ಔದಾರ್ಯ ಎಷ್ಟು ದಿನ ನಿಂತೀತು? ಆಸ್ತಿಯ ಉಸ್ತುವಾರಿಗೆಂದು ಇರುವ ಸಂಸ್ಥೆಯ ಕೈಗೆ ಮದುವೆಯ ಮುದ್ರೆ ಕೊಡುವ ಬದಲು, ಇರುವ ಕಾಯ್ದೆಯನ್ನೇ ಜನರ ಬಾಗಿಲಿಗೆ ತರಬಹುದಿತ್ತಲ್ಲವೇ?

ಅದು ಅಸಾಧ್ಯವೇನಲ್ಲ. ಎಚ್.ಡಿ. ಕೋಟೆಯಿಂದ ಬಾವಲಿ ಗಡಿ ದಾಟಿದರೆ ವಯನಾಡು. ಅಲ್ಲಿ 2008ರ ಸಾಮಾನ್ಯ ನಿಯಮಗಳ ಪ್ರಕಾರ ಯಾವ ಧರ್ಮದ ಮದುವೆಯನ್ನಾದರೂ ಗ್ರಾಮ ಪಂಚಾಯತಿಯ ಕಾರ್ಯದರ್ಶಿಯೇ ನೋಂದಾಯಿಸುತ್ತಾನೆ. ನಮಗೆ ಬೇಕಾದದ್ದು ಪ್ರತ್ಯೇಕ ಮುದ್ರೆಯಲ್ಲ. ಎಲ್ಲರಿಗೂ ಒಂದೇ ಮುದ್ರೆ, ಆದರೆ ಕೈಗೆಟುಕುವ ದೂರದಲ್ಲಿ. ಈ ನಾಲ್ಕು ತಾಲ್ಲೂಕುಗಳ ಪ್ರತಿನಿಧಿಗಳು ವಿಧಾನಸಭೆಯಲ್ಲಿ ಕೇಳಬೇಕಾದದ್ದು ಇದನ್ನೇ.

ಸರ್ಕಾರ ಏಳುವವರೆಗೆ ಜಮಾಅತ್‌ಗಳು ಮಲಗಿರಬೇಕಿಲ್ಲ. ನಿಕಾಹ್‌ನಾಮಾದಲ್ಲಿ ವಧೂವರರ ಹೆಸರನ್ನು ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಬರೆಯಿರಿ. ವರ ವಿಮಾನವೇರುವ ಮುನ್ನವೇ ನೋಂದಣಿ ಮುಗಿಸಿ. ಮೈಸೂರಿನ ಅಂಚೆ ಕಚೇರಿಯಲ್ಲಿ 2017ರಿಂದಲೇ ಪಾಸ್‌ಪೋರ್ಟ್ ಸೇವೆಯಿದೆ. ಬೆಂಗಳೂರಿನ ಹಾದಿ ಕಾಯುವ ನೆಪ ಇನ್ನು ಸಲ್ಲದು. ವರನ ಸಂಬಳ, ವೀಸಾದ ಬಗೆ, ಕುಟುಂಬವನ್ನು ಕರೆಸಿಕೊಳ್ಳಲು ಆತನಿಗಿರುವ ಅರ್ಹತೆಗಳನ್ನು ನಿಕಾಹ್‌ಗೆ ಮೊದಲೇ ಲಿಖಿತವಾಗಿ ಕೇಳಿ. ಆತನ ಮನೆಯ ಚದರಡಿ ವಿಚಾರಿಸುವವರಿಗೆ ಇದನ್ನು ಕೇಳಲು ಸಂಕೋಚವೇಕೆ? ಹೆಣ್ಣುಮಕ್ಕಳನ್ನು ಓದಿಸಿ; ಪತಿಯ ಬಳಿಗೆ ಹೋಗಲು ಬ್ರಿಟನ್ 2010ರಿಂದ ಇಂಗ್ಲಿಷ್ ಪರೀಕ್ಷೆಯನ್ನೂ ಕೇಳುತ್ತಿದೆ.

ನಿಯಮ ಎಂದು ಬದಲಾಗುತ್ತದೆಂಬುದು ದಲ್ಲಾಳಿಗೂ ತಿಳಿಯದು, ಮಂತ್ರಿಗೂ ತಿಳಿಯದು. ಅರ್ಹತೆ ಇರುವ ಮೊದಲ ದಿನವೇ ಅರ್ಜಿಯ ದಿನ. ಅದಕ್ಕೆ ಸಿದ್ಧರಿಲ್ಲದ ಮನೆ ನಿಕಾಹ್‌ಗೂ ಸಿದ್ಧವಾಗಿಲ್ಲವೆಂದೇ ತಿಳಿಯಬೇಕು. ಹೆಣ್ಣಿನ ಯೌವನವನ್ನು ಒತ್ತೆಯಿಟ್ಟು ಆಡುವ ಈ ಜೂಜನ್ನು ‘ಸಬ್ರ್’ ಎಂದು ಕರೆದು ಆಕೆಗೆ ಉಪದೇಶಿಸುವುದನ್ನು ಇನ್ನಾದರೂ ನಿಲ್ಲಿಸೋಣ.